ಯಾಕ್ ಸಾ, ಸೈಕಲ್ಲು?

ಸೈಕಲ್ ತುಳಿಯುವವರನ್ನು ನಿಲ್ಲಿಸಿ, ಯಾಕೆ ತುಳಿಯುತ್ತೀರಿ ಎಂದು ಕೇಳಿದರೆ ಮೊದಲು ಬರುವ ಉತ್ತರವನ್ನು ನಂಬಬಾರದು. ಅದು ಕೇಳಿದವನ ಬಾಯಿ ಮುಚ್ಚಿಸಲು ಜೇಬಿನಲ್ಲಿ ಇಟ್ಟುಕೊಂಡಿರುವ ಉತ್ತರ. ಪೆಟ್ರೋಲ್ ರೇಟು, ಸಕ್ಕರೆ ಕಾಯಿಲೆ, ಮಂಡಿನೋವು (ಮಂಡಿನೋವಿಗೆ ಸೈಕಲ್ ಒಳ್ಳೆಯದು ಅನ್ನುವವರೂ ಉಂಟು, ಸೈಕಲ್ಲಿನಿಂದಲೇ ಮಂಡಿನೋವು ಬಂತು ಅನ್ನುವವರೂ ಉಂಟು), ಈಚೀಚೆಗೆ ಭೂಮಿಯ ಬಿಸಿ. ಇವೆಲ್ಲ ಸುಳ್ಳಲ್ಲ. ಆದರೆ ಇಷ್ಟಕ್ಕೇ ಒಬ್ಬ ಮನುಷ್ಯ ಬೆಳಗಿನ ಜಾವ ಎದ್ದು ಚೈನಿಗೆ ಎಣ್ಣೆ ಬಿಡುವುದಿಲ್ಲ. ಒಳಗಿನ ಕಾರಣ ಬೇರೆಯೇ ಇರುತ್ತದೆ. ಅದು ಎರಡನೇ ಟೀ ಬರುವವರೆಗೆ ಬಾಯಿಬಿಡುವುದಿಲ್ಲ.

ಈ ಸಂಶೋಧನೆಯನ್ನು ನಾನು ಬೇರೆಲ್ಲೂ ಮಾಡಿದ್ದಲ್ಲ, ನಮ್ಮ ಬದನವಾಳಿನ ಸುತ್ತಮುತ್ತ ಟೀ ಕುಡಿಯುತ್ತಲೇ ಮಾಡಿದ್ದು. ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೊರಟರೆ ಸಿಗುವ ಊರು ಇದು. ಹೊರಗಿನವರಿಗೆ ಖಾದಿಯಿಂದ ಗೊತ್ತು. ತಗಡೂರು ರಾಮಚಂದ್ರರಾಯರಂಥವರು ಈ ಸೀಮೆಯಲ್ಲಿ ಚರಕ ತಿರುಗಿಸಿದ ಕಾಲದಲ್ಲಿ, 1927ರಲ್ಲಿ, ಇಲ್ಲಿ ಖಾದಿ ಕೇಂದ್ರ ಶುರುವಾಯಿತು. ಗಾಂಧೀಜಿ ಬಂದುಹೋದ ಜಾಗ ಎಂದು ಇಂದಿಗೂ ತೋರಿಸುತ್ತೇವೆ. ಗಾಂಧೀಜಿ ನಡೆಯುವುದರಲ್ಲಿ ಹೆಸರು ಮಾಡಿದವರು, ಹಾಗಾಗಿ ಅವರು ಸೈಕಲ್ಲನ್ನೂ ತುಳಿದಿದ್ದರು ಎಂಬುದು ಅನೇಕರಿಗೆ ಮರೆತುಹೋಗಿದೆ. 1904ರಲ್ಲಿ ಜೋಹಾನ್ಸ್‌ಬರ್ಗಿನ ಭಾರತೀಯರ ಕೇರಿಗೆ ಪ್ಲೇಗು ಬಂದಾಗ ಅವರು ಅಲ್ಲಿಗೆ ಧಾವಿಸಿದ್ದು ಸೈಕಲ್ ಮೇಲೆ. ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ನಾನು ಕೇಳಿರುವ ಕಾರಣಗಳಲ್ಲಿ ಹೊರಗೂ ಒಳಗೂ ಒಂದೇ ಆಗಿರುವುದು ಬಹುಶಃ ಇದೊಂದೇ.

ಮಿಕ್ಕವರದೆಲ್ಲ ಎರಡೆರಡು ಕಾರಣ. ಮೊದಲು ನಮ್ಮಪ್ಪನದೇ ಹೇಳಿಬಿಡುತ್ತೇನೆ.

ಆಗೆಲ್ಲ ಮದುವೆಯ ಮಾತುಕತೆಯಲ್ಲಿ ಗಂಡಿಗೆ ಮೂರು ವಸ್ತು ಕೇಳುವುದು ವಾಡಿಕೆ. ಸೈಕಲ್ಲು, ವಾಚು, ರೇಡಿಯೊ. ನಮ್ಮಪ್ಪನ ಕಡೆಯವರು ಮೂರನ್ನೂ ಕೇಳಿದರಂತೆ. ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಲೆಕ್ಕದ ಮನುಷ್ಯ. ವಾಚು ಕೊಟ್ಟರೆ ಅಳಿಯ ಹೊತ್ತು ನೋಡುತ್ತಾ ಕೂರುತ್ತಾನೆ, ರೇಡಿಯೊ ಕೊಟ್ಟರೆ ಕೇಳುತ್ತಾ ಕೂರುತ್ತಾನೆ, ಸೈಕಲ್ ಕೊಟ್ಟರೆ ಮಾತ್ರ ಏಳುತ್ತಾನೆ ಎಂದು ವಾದ ಮಾಡಿ ಒಂದು ಹರ್ಕ್ಯುಲಿಸ್‌ನಲ್ಲಿ ಮುಗಿಸಿದರು. ಅದು ಕಪ್ಪು ಬಣ್ಣದ 24 ಇಂಚಿನ ಗಂಡಸರ ಸೈಕಲ್ಲು. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಆ ಎಂಟು ಕಡ್ಡಿ ಯಾಕೆ ಹೆಚ್ಚು ಎಂದು ನಾನು ಹುಡುಗನಾಗಿದ್ದಾಗ ಕೇಳಿದ್ದಕ್ಕೆ ಅಪ್ಪ, 'ನಿಮ್ಮವ್ವ ಕೂತ್ಕೊಳ್ಳೋದು ಹಿಂದೆ ಅಲ್ವಾ' ಅಂದಿದ್ದರು. ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಹಾಗೆ ಮಾಡುತ್ತಾರೆ ಎಂದು ಆಮೇಲೆ ತಿಳಿಯಿತು. ಅಪ್ಪ ಹೇಳಿದ್ದೂ ಅದನ್ನೇ.

ಮಾವ ಕೊಟ್ಟ ಸೈಕಲ್ಲು, ತುಳಿಯದೆ ನಿಲ್ಲಿಸಿದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಇದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ ಕಾರಣ. ನಂಜನಗೂಡಿನ ಸಂತೆಗೆ, ಎಣ್ಣೆ ಗಾಣಕ್ಕೆ, ಕೋರ್ಟಿಗೆ, ಯಾರದೋ ಸಾವಿಗೆ, ಏನಿದ್ದರೂ ಸೈಕಲ್ಲು. ಪಟ್ಟಣದಲ್ಲಿ ಪುರಸಭೆಯ ಬಿಲ್ಲೆ ಇಲ್ಲದಿದ್ದರೆ ದಂಡ, ಕತ್ತಲಲ್ಲಿ ದೀಪ ಇಲ್ಲದಿದ್ದರೆ ದಂಡ, ಇಬ್ಬರು ಕೂತರೆ ದಂಡ. ಈಗ ಕಾರಿನವರಿಗಿಲ್ಲದ ಭಯ ಆಗ ಸೈಕಲ್ಲಿನವರಿಗಿತ್ತು. ಪಟ್ಟಣದ ಬಾಗಿಲಲ್ಲಿ ಅಮ್ಮನನ್ನು ಇಳಿಸಿ, ಪೊಲೀಸಿನವರನ್ನು ದಾಟಿದ ಮೇಲೆ ಮತ್ತೆ ಹತ್ತಿಸಿಕೊಳ್ಳುತ್ತಿದ್ದರಂತೆ. ಪೊಲೀಸಿನವರಿಗೂ ಇದು ಗೊತ್ತಿತ್ತು. ಅವರ ಹೆಂಡತಿಯರೂ ಇನ್ನೊಂದು ಕಡೆ ಹಾಗೇ ಇಳಿದು ಹತ್ತುತ್ತಿದ್ದರೇನೋ.

ತಾತ ತೀರಿಕೊಂಡರು. ಬೇಜಾರು ಮಾಡಿಕೊಳ್ಳುವವರು ಯಾರೂ ಉಳಿಯಲಿಲ್ಲ. ಬಸ್ಸೂ ಬಂತು. ಅಪ್ಪ ಮಾತ್ರ ಸೈಕಲ್ ಬಿಡಲಿಲ್ಲ. ಯಾಕೆಂದು ನಮಗೆ ಗೊತ್ತಾದದ್ದು ಹಾಲಿನವರೊಬ್ಬರಿಂದ. ಒಂದು ದಿನ ಅಮ್ಮನ ಹತ್ತಿರ, 'ಯಜಮಾನ್ರು ಏನ್ ಚೆಂದಾಗಿ ಹಾಡ್ತಾರೆ ಕನವ್ವ, ನಾನು ಹಿಂದೆನೇ ನಿಧಾನಕ್ಕೆ ಬತ್ತಾ ಇರ್ತೀನಿ, ಮುಂದಕ್ ಹೋಗಕ್ಕೆ ಮನಸಾಗಲ್ಲ' ಅಂದುಬಿಟ್ಟರು. ಅಮ್ಮನಿಗೆ ಸಿಡಿಲು ಬಡಿದಂತಾಯಿತು. ಆ ಮನುಷ್ಯ ಮನೆಯಲ್ಲಿ ಒಂದು ದಿನ ಗುನುಗಿದ್ದೂ ಇಲ್ಲ. ಅಣ್ಣ ತಮ್ಮಂದಿರು, ಅವರ ಹೆಂಡತಿ ಮಕ್ಕಳು, ಮೂಲೆಯಲ್ಲಿ ಕೆಮ್ಮುವ ಅಜ್ಜ, ಇಷ್ಟೂ ಜನ ತುಂಬಿದ ತೊಟ್ಟಿಮನೆಯಲ್ಲಿ ಗಂಡಸು ಹಾಡುವುದೆಂದರೇನು? ಊರು ದಾಟಿ ಹುಣಸೇಮರಗಳ ಸಾಲು ಶುರುವಾದ ಮೇಲೆ ಅಪ್ಪನಿಗೆ ಗಂಟಲು ಬರುತ್ತಿತ್ತು, ಇನ್ನೊಂದು ಊರು ಕಂಡ ಕೂಡಲೇ ಹೋಗುತ್ತಿತ್ತು.

ಅಮ್ಮ ಸುಮ್ಮನಿರಲಿಲ್ಲ. ಮುಂದಿನ ಸಂತೆಗೆ ತಾನೂ ಬರುತ್ತೇನೆಂದು ಕ್ಯಾರಿಯರ್ ಹತ್ತಿದರು. ಹೋಗುವಾಗ ಅಪ್ಪ ಹಾಡಲಿಲ್ಲ, ಬರುವಾಗಲೂ ಹಾಡಲಿಲ್ಲ. ಮನೆಗೆ ಬಂದು ಇಳಿದು, 'ಭಾಳ ಭಾರ ಆಯ್ತು' ಅಂದರಂತೆ. ಸಾಮಾನಿನ ಭಾರವೋ ಇನ್ನೊಂದರ ಭಾರವೋ, ಅಮ್ಮ ಕೇಳಲಿಲ್ಲ. ಮತ್ತೆಂದೂ ಸಂತೆಗೆ ಜೊತೆಯಲ್ಲಿ ಹೋಗಲೂ ಇಲ್ಲ. ಆದರೆ ಅಪ್ಪ ಹೊರಡುವಾಗ ಟೈರು ಒತ್ತಿ ನೋಡಿ, 'ಗಾಳಿ ಇಲ್ಲ, ಹೊಡ್ಕೊಂಡು ಹೋಗಿ' ಎಂದು ಅಮ್ಮನೇ ಹೇಳತೊಡಗಿದ್ದು ನನಗೆ ನೆನಪಿದೆ.

ನಮ್ಮ ಕಡೆ ಸೈಕಲ್ ತುಳಿಯುವುದು ಅಂಥ ಸಲೀಸಲ್ಲ ಎಂಬುದನ್ನೂ ಹೇಳಬೇಕು. ಎರೆಮಣ್ಣಿನ ಹೊಲಗಳ ಸೀಮೆ ಇದು. ಹತ್ತಿ ಬೆಳೆಯುತ್ತಿದ್ದುದರಿಂದಲೇ ನೂಲುವ ಕೆಲಸಕ್ಕೂ ದಾರಿಯಾಯಿತು. ಹತ್ತಿಗೆ ಒಳ್ಳೆಯ ಮಣ್ಣು ಸೈಕಲ್ಲಿಗೆ ಶನಿ. ಒಂದು ಮಳೆ ಬಿದ್ದರೆ ಸಾಕು, ಚಕ್ರ ಎರಡು ಸುತ್ತು ಉರುಳುವಷ್ಟರಲ್ಲಿ ಮಣ್ಣು ಮೆತ್ತಿಕೊಂಡು ಮಡ್ಗಾರ್ಡಿನ ಒಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಕಡ್ಡಿಯಿಂದ ಕೆದಕಬೇಕು, ಹತ್ತು ಮಾರು ಹೋಗಬೇಕು, ಮತ್ತೆ ಕೆದಕಬೇಕು. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಬರುವುದು. ಮಳೆಗಾಲದಲ್ಲಿ ಯಾರು ಯಾರ ಮೇಲೆ ಸವಾರಿ ಮಾಡುತ್ತಾರೆ ಎಂಬುದು ನಮ್ಮೂರಲ್ಲಿ ಹಳೆಯ ತಮಾಷೆ. ಮಡ್ಗಾರ್ಡನ್ನೇ ಕಿತ್ತುಹಾಕಿ ಬೆನ್ನಿನ ಮೇಲೆಲ್ಲ ರಾಡಿ ಸಿಡಿಸಿಕೊಂಡು ಬರುವವರೂ ಇದ್ದರು. ಅವರ ಅಂಗಿಯ ಹಿಂಭಾಗ ನೋಡಿದರೆ ಯಾವ ಹೊಲದಿಂದ ಬಂದರು ಎಂದು ಹೇಳಬಹುದಿತ್ತು.

ಮೇಷ್ಟ್ರೊಬ್ಬರಿದ್ದಾರೆ, ನಿವೃತ್ತರಾಗಿ ಬಹಳ ಕಾಲವಾಯಿತು. ಮಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ, ಅಪ್ಪನಿಗೆ ಸ್ಕೂಟರ್ ಕೊಡಿಸಿದ್ದಾನೆ. ಸ್ಕೂಟರಿಗೆ ಹೊದಿಸಿದ ಕವರನ್ನು ಮೇಷ್ಟ್ರು ವಾರಕ್ಕೊಮ್ಮೆ ಒಗೆದು ಒಣಗಿಸಿ ಮತ್ತೆ ಹೊದಿಸುತ್ತಾರೆ. ಓಡಾಟವೆಲ್ಲ ಸೈಕಲ್ಲಿನಲ್ಲೇ. ಕೇಳಿದರೆ 'ಡಾಕ್ಟರ್ ಹೇಳಿದಾರೆ' ಎನ್ನುತ್ತಾರೆ. ಎರಡನೇ ಟೀ ಕುಡಿಸಿದೆ. 'ನೋಡಪ್ಪಾ,' ಅಂದರು, 'ಸ್ಕೂಟರ್ ಮೇಲೆ ಹೋದ್ರೆ ಹುಡುಗರು ಕೈ ಎತ್ತೋ ಹೊತ್ತಿಗೆ ನಾನು ಮುಂದೆ ಹೋಗಿಬಿಟ್ಟಿರ್ತೀನಿ. ನಮಸ್ಕಾರ ಎಲ್ಲ ಹಿಂದೆ ಬೀಳುತ್ತೆ.' ಹುಡುಗರು ಎಂದರೆ ಐವತ್ತು ದಾಟಿದ ಅವರ ಹಳೆಯ ಶಿಷ್ಯರು. ನಡೆದುಕೊಂಡು ಹೋದರೆ? ಅದೂ ಆಗದು. ನಡೆದರೆ ಅವರೆಲ್ಲ ನಿಂತು ಮಾತಿಗೆಳೆಯುತ್ತಾರೆ, ಮಗನ ಸಂಬಳ ಕೇಳುತ್ತಾರೆ, ಸಾಲ ಕೇಳುವವರೂ ಇದ್ದಾರೆ. ಸೈಕಲ್ಲಿನ ವೇಗ, ಗಂಟೆಗೆ 12 ಕಿಲೊಮೀಟರೋ ಏನೋ, ನಮಸ್ಕಾರಕ್ಕೆ ಸಾಕು, ಸಾಲಕ್ಕೆ ಸಾಲದು. ಮೇಷ್ಟ್ರು ಬೆಳಿಗ್ಗೆ ಒಂದು ಸುತ್ತು ಹೊರಟರೆ ಆ ದಿನಕ್ಕೆ ಬೇಕಾಗುವಷ್ಟು ನಮಸ್ಕಾರ ವಸೂಲಾಗುತ್ತದೆ. ಡಾಕ್ಟರ ಮಾತು ನೆಪಕ್ಕೆ.

ಎಲ್ಲಿಗೂ ಹೋಗದೆ ಸೈಕಲ್ ತುಳಿಯುವವನನ್ನು ನೋಡಿದ್ದೀರಾ? ಈಗಿನ ಜಿಮ್ಮಿನ ಮಾತಲ್ಲ. ನಾವು ಚಿಕ್ಕವರಿದ್ದಾಗ ಊರ ಮುಂದಿನ ಬಯಲಿಗೆ ಸೈಕಲ್ ಸವಾರಿ ಮಾಡುವವರು ಬರುತ್ತಿದ್ದರು. ನಡುವೆ ಒಂದು ಕಂಬ, ಕಂಬಕ್ಕೆ ಮೈಕು, ರೆಕಾರ್ಡಿನಲ್ಲಿ ಸಿನಿಮಾ ಹಾಡು. ಅದರ ಸುತ್ತ ಒಬ್ಬ ಹುಡುಗ ಹಗಲೂ ರಾತ್ರಿ ಇಳಿಯದೆ ಸೈಕಲ್ ಹೊಡೆಯುತ್ತಿದ್ದ. ಸೈಕಲ್ ಮೇಲೆಯೇ ಹಲ್ಲುಜ್ಜುವುದು, ನೀರು ಸುರಿದುಕೊಂಡು ಸ್ನಾನ, ಕನ್ನಡಿ ಹಿಡಿದು ಗಡ್ಡ, ಮುದ್ದೆ ಊಟ. ಸಾಯಂಕಾಲವಾದರೆ ಎದೆಗೆ ಟ್ಯೂಬ್‌ಲೈಟ್ ಬಡಿದು ಒಡೆಯುವುದು, ಹಲ್ಲಿನಲ್ಲಿ ಬಿಂದಿಗೆ ಎತ್ತುವುದು. ಊರ ಹಿರಿಯರು ಒಂದು ರೂಪಾಯಿ, ಎರಡು ರೂಪಾಯಿ ನೋಟನ್ನು ಅವನ ಅಂಗಿಗೆ ಪಿನ್ನಿನಲ್ಲಿ ಚುಚ್ಚಿದರೆ ಮೈಕಿನಲ್ಲಿ ಕೊಟ್ಟವರ ಹೆಸರು. ಮೈಕಿನಲ್ಲಿ ಹೆಸರು ಬರಲೆಂದೇ ನೋಟು ಚುಚ್ಚಿದ ಜಿಪುಣರ ಪಟ್ಟಿ ನನ್ನಲ್ಲಿ ಇನ್ನೂ ಇದೆ.

ರಾತ್ರಿ ಹೊತ್ತು ಅವನು ಇಳಿದು ಮಲಗುತ್ತಾನೆಂದು ಊರಲ್ಲಿ ಪಂದ್ಯ ಬಿದ್ದು, ದೊಡ್ಡ ಹುಡುಗರು ಕಾವಲು ಕೂತರು. ಇಳಿಯಲಿಲ್ಲ. ನಡುರಾತ್ರಿಯಲ್ಲಿ ಒಬ್ಬರು ಕೇಳಿದರಂತೆ, ಯಾರೂ ನೋಡುತ್ತಿಲ್ಲವಲ್ಲ, ಒಂದು ಗಳಿಗೆ ಇಳಿದು ಕಾಲು ಚಾಚಬಾರದೇ? ಅವನು ಇನ್ನೊಂದು ಸುತ್ತು ಹಾಕಿ ಬಂದು ಹೇಳಿದ, 'ಇಳಿದ್ರೆ ನನ್ನನ್ಯಾರಣ್ಣ ಮಾತಾಡಿಸ್ತಾರೆ?' ಕೊನೆಯ ದಿನ ಹಾರ ಹಾಕಿ ಇಳಿಸಿದೆವು. ನೆಲಕ್ಕೆ ಕಾಲಿಟ್ಟವನು ಕುಡಿದವನ ಹಾಗೆ ತೂರಾಡಿ ಕಂಬ ಹಿಡಿದುಕೊಂಡ. ಮಾರನೆಯ ದಿನದಿಂದ ಊರಿನ ಹುಡುಗರೆಲ್ಲ ಬಾಡಿಗೆ ಸೈಕಲ್ ಅಂಗಡಿಗೆ ಮುಗಿಬಿದ್ದರು. ನನಗಂತೂ ಬಾರಿನ ಮೇಲೆ ಕಾಲು ಎಟುಕುತ್ತಿರಲಿಲ್ಲ, ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆಯುತ್ತಾ ದನದ ಕೊಟ್ಟಿಗೆಯ ಸುತ್ತ ಸುತ್ತಿದೆ. ಯಾರೂ ಪಿನ್ ಚುಚ್ಚಲಿಲ್ಲ.

ಊರಿನಲ್ಲಿ ಸೈಕಲ್ ಕಡಿಮೆಯಾಗುತ್ತಾ ಬಂದ ಕಾಲಕ್ಕೆ ಅದರ ಮಾನ ಏರಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಬದನವಾಳಿನಲ್ಲಿ ಬಂದು ಕೂತರು. ಬದನವಾಳು ಸತ್ಯಾಗ್ರಹ ಎಂದು ಪತ್ರಿಕೆಗಳಲ್ಲೆಲ್ಲ ಬಂತು. ಏಪ್ರಿಲ್ ತಿಂಗಳಲ್ಲಿ ಸುಸ್ಥಿರ ಬದುಕಿನ ಬಗ್ಗೆ ದೊಡ್ಡ ಸಮಾವೇಶ ನಡೆಯಿತು. ಸರಳವಾಗಿ ಬದುಕುವುದು, ಕೈಯಿಂದ ದುಡಿಯುವುದು, ಯಂತ್ರದ ಹಸಿವಿಗೆ ಕಡಿವಾಣ, ಒಳ್ಳೆಯ ಮಾತುಗಳೇ. ನಮ್ಮ ಪಕ್ಕದ ಬೀದಿಯ ಒಬ್ಬರು ಸೈಕಲ್ ಮೇಲೆ ಅಲ್ಲಿಗೆ ಹೋಗಿ ಹಿಂದೆ ನಿಂತು ಕೇಳಿಸಿಕೊಂಡು ಬಂದರು. ಅಲ್ಲಿಯವರೆಗೂ ಆ ಮನುಷ್ಯ ತನ್ನನ್ನು ಬಡವ ಎಂದುಕೊಂಡಿದ್ದರು. ಅವತ್ತು ಸಾಯಂಕಾಲ ಮನೆಗೆ ಬಂದು, ತಾನು ಇಷ್ಟು ವರ್ಷವೂ ಭೂಮಿಯನ್ನು ಕಾಪಾಡುತ್ತಿದ್ದೆ ಎಂದು ಹೆಂಡತಿಗೆ ತಿಳಿಸಿದರು. ಆಕೆ, 'ಮೊದಲು ಮನೆ ಸೂರು ಕಾಪಾಡಿ, ಸೋರ್ತಾ ಅದೆ' ಅಂದರು. ಮಗ ಆ ವರ್ಷವೇ ಕಂತಿನಲ್ಲಿ ಬೈಕ್ ತಂದ. ಅಪ್ಪ ಅದರ ಹಿಂದೆ ಕೂರುವುದಿಲ್ಲ. ಭೂಮಿಗಾಗಿ ಅಲ್ಲ, ಮಗ ಓಡಿಸುವ ರೀತಿಗೆ ಹೆದರಿ.

ಬದನವಾಳು ಎಂದರೆ ಖಾದಿ ನೆನಪಾಗುವವರಿದ್ದಾರೆ, 1993 ನೆನಪಾಗುವವರೂ ಇದ್ದಾರೆ. ಆ ವರ್ಷದ ಮಾರ್ಚ್ ತಿಂಗಳಲ್ಲಿ ದೇವಸ್ಥಾನದ ಪ್ರವೇಶದ ಜಗಳ ಬೆಳೆದು ಮೂವರು ದಲಿತರ ಕೊಲೆಯಾಯಿತು. ಬೀದಿ ಬೀದಿಗೆ ಮಾತು ನಿಂತಿತು, ಲಿಂಗಾಯತರ ಬೀದಿಗೂ ದಲಿತರ ಬೀದಿಗೂ ನಡುವಿನ ಒಂದು ರಸ್ತೆಯ ಬಳಕೆಯೂ ನಿಂತಿತು. 2022ರ ಅಕ್ಟೋಬರ್ 2ರಂದು ಭಾರತ ಜೋಡೊ ಯಾತ್ರೆ ಇಲ್ಲಿಗೆ ಬಂದಾಗ ಆ ರಸ್ತೆಗೆ ಕಲ್ಲು ಹಾಸಿ ಮತ್ತೆ ತೆರೆದರು. ಟಿವಿಯವರು ಬಂದರು, ಸಹಪಂಕ್ತಿ ಊಟವಾಯಿತು, ಎಲ್ಲರೂ ಹೋದರು.

ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ, ಈ ಸೀಮೆಯವರೇ. ಅವರ ಅಪ್ಪನ ಕಾಲದಲ್ಲಿ ಕೆಲವು ಊರಿನ ಕೆಲವು ಬೀದಿಗಳಲ್ಲಿ ದಲಿತರು ಸೈಕಲ್ ಮೇಲೆ ಕೂತು ಹೋಗುವಂತಿರಲಿಲ್ಲ. ಬೀದಿ ಶುರುವಾಗುವ ಕಡೆ ಇಳಿದು, ಮುಗಿಯುವವರೆಗೆ ತಳ್ಳಿಕೊಂಡು ಹೋಗಿ, ಮತ್ತೆ ಹತ್ತಬೇಕಿತ್ತು. ಕಾಲಲ್ಲಿ ಚಪ್ಪಲಿಯಿದ್ದರೆ ಅದೂ ಕ್ಯಾರಿಯರಿಗೆ. ಈ ಹಿರಿಯರು ಇಳಿವಯಸ್ಸಿನಲ್ಲೂ ದಿನಾ ಸಾಯಂಕಾಲ ಒಂದು ಸುತ್ತು ಹೊರಡುತ್ತಾರೆ. ಅಂಥ ಬೀದಿ ಯಾವುದನ್ನೂ ಬಿಡುವುದಿಲ್ಲ, ಆ ಹೊಸ ರಸ್ತೆಯನ್ನೂ ಬಿಡುವುದಿಲ್ಲ. ಅಲ್ಲಿ ಅವರಿಗೆ ಕೆಲಸವೂ ಇಲ್ಲ, ನೆಂಟರೂ ಇಲ್ಲ. ಹೊರಗಿನ ಕಾರಣ ಕೇಳಿದರೆ, 'ಊಟ ಅರಗಬೇಕಲ್ಲಪ್ಪ'. ಒಂದು ಸಲ ಮಾತ್ರ ಬೇರೆ ಹೇಳಿದರು. 'ನಮ್ಮಪ್ಪ ತಳ್ಳಿದ್ದನ್ನ ನಾನು ತುಳಿತೀನಿ. ಅವನು ತಳ್ಳಿದ ಲೆಕ್ಕ ಇನ್ನೂ ಭಾಳ ಬಾಕಿ ಅದೆ.' ಆ ರಸ್ತೆಯಲ್ಲೇ ಯಾಕೆ ದಿನಾ ಎಂದು ಕೇಳಿದೆ. 'ರಸ್ತೆ ಅಂತ ಮಾಡಿದ್ಮೇಲೆ ಯಾರಾದ್ರೂ ಓಡಾಡ್ತಿರ್ಬೇಕು ಕನಪ್ಪ. ಇಲ್ದಿದ್ರೆ ಹುಲ್ಲು ಬೆಳೆದುಬುಡುತ್ತೆ' ಅಂದರು. ಬೆಲ್ಲು ಮಾತ್ರ ಅವರು ಹೊಡೆಯುವುದಿಲ್ಲ. ಅಡ್ಡ ಬಂದ ಕೋಳಿಗೆ ಕೂಡ 'ಸರ್ಕೋ ತಾಯಿ' ಎನ್ನುತ್ತಾರೆ.

ಸೈಕಲ್ ಶಾಪಿನವರ ಕಷ್ಟವೇ ಬೇರೆ. ನಂಜನಗೂಡಿನಲ್ಲಿ ನಾನು ಹೋಗುವ ಅಂಗಡಿಯ ಗೋಡೆಯಲ್ಲಿ ಅಟ್ಲಾಸ್ ಸೈಕಲ್ಲಿನ ಹಳೆಯ ಚಿತ್ರವಿದೆ, ಭೂಮಿಯನ್ನು ಹೊತ್ತ ಮನುಷ್ಯ. ಆ ಅಟ್ಲಾಸ್ ಕಂಪನಿ ತನ್ನ ಕೊನೆಯ ಕಾರ್ಖಾನೆಗೆ, ಸಾಹಿಬಾಬಾದಿನದಕ್ಕೆ, ಬೀಗ ಹಾಕಿದ್ದು 2020ರ ಜೂನ್ 3ರಂದು. ಜೂನ್ 3 ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ ದಿನ. ಇದನ್ನು ಹೇಳಿದಾಗ ಚಕ್ರದ ಬೆಂಡು ತೆಗೆಯುತ್ತಿದ್ದ ಅಂಗಡಿಯವರು ತಲೆ ಎತ್ತಲಿಲ್ಲ. 'ಯಾವುದಕ್ಕೆ ದಿನ ಅಂತ ಮಾಡ್ತಾರೋ ಅದರ ಕತೆ ಮುಗೀತು ಅಂತಲೇ ಸಾ' ಅಂದರು. ಮಹಿಳಾ ದಿನವೂ ಇದೆಯಲ್ಲ ಎಂದೆ. ಒಳಗಿನಿಂದ ಅವರ ಹೆಂಡತಿ ಕೇಳಿಸಿಕೊಂಡು ನಕ್ಕರು, ಅಂಗಡಿಯವರು ಕಡ್ಡಿಗೆ ಇನ್ನೊಂದು ತಿರುವು ಕೊಟ್ಟರು.

ಹೆಂಗಸರ ಮಾತು ಬಂತು. ಖಾದಿ ಕೇಂದ್ರದಲ್ಲಿ ಚಕ್ರ ತಿರುಗಿಸಿದ ಕೈಗಳೆಲ್ಲ ಹೆಂಗಸರದು, ದಾರಿಯಲ್ಲಿ ಚಕ್ರ ತಿರುಗಿಸಿದ ಕಾಲುಗಳೆಲ್ಲ ಗಂಡಸರದು. ನಮ್ಮ ಕಾಲದಲ್ಲಿ ಅದನ್ನು ಯಾರೂ ವಿಚಿತ್ರ ಎಂದುಕೊಳ್ಳಲಿಲ್ಲ. ಆ ಕಡೆ ತಮಿಳುನಾಡಿನ ಪುದುಕ್ಕೋಟೆಯಲ್ಲಿ 90ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು, ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ನಮ್ಮಲ್ಲಿ ಆ ಕೆಲಸ ಶುರುವಾದದ್ದು 2006-07ರಲ್ಲಿ, ಸರ್ಕಾರ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಾಗ. ಆಮೇಲೆ ಗಂಡುಹುಡುಗರಿಗೂ ಕೊಟ್ಟರು. ಕೊರೊನಾ ಬಂದಾಗ ನಿಂತಿತು.

ನಮ್ಮ ಚಿಕ್ಕಪ್ಪನ ಮೊಮ್ಮಗಳಿಗೂ ಒಂದು ಬಂತು. ಹ್ಯಾಂಡಲ್ ಮುಂದೆ ಬುಟ್ಟಿ ಇರುವ ಸೈಕಲ್ಲು. ಶಾಲೆಯಿಂದ ಅದನ್ನು ಮನೆಗೆ ತಳ್ಳಿಕೊಂಡು ಬಂದಳು, ಹೊಡೆಯಲು ಬರುತ್ತಿರಲಿಲ್ಲ. ಕಲಿಯುವಷ್ಟರಲ್ಲಿ ಮನೆಯವರು ಕಲಿತರು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಅವಳ ಅಪ್ಪ, ಮಧ್ಯಾಹ್ನ ಹಿಟ್ಟಿನ ಮಿಲ್ಲಿಗೆ ಅವಳ ತಮ್ಮ, ಸಂಜೆ ಎಮ್ಮೆಗೆ ಹುಲ್ಲು ತರಲು ಚಿಕ್ಕಪ್ಪ. ಹುಡುಗಿ ಶಾಲೆಗೆ ನಡೆದುಕೊಂಡು ಹೋದಳು. ಒಂದು ಸಲ ಮೇಲಿನಿಂದ ತಪಾಸಣೆಗೆ ಬರುತ್ತಾರೆ ಎಂದು ಸುದ್ದಿಯಾಗಿ ಅವಳಿಗೆ ಎರಡು ದಿನ ಸೈಕಲ್ ಸಿಕ್ಕಿತು. ತಪಾಸಣೆಯವರು ಬರಲೇ ಇಲ್ಲ. ಅವರು ಆಗಾಗ ಬರುತ್ತಾರೆಂದು ಸುದ್ದಿಯಾದರೂ ಆಗಲಿ ಎಂದು ಅವಳು ನಂಜುಂಡೇಶ್ವರನಿಗೆ ಹರಸಿಕೊಂಡಿದ್ದಳಂತೆ.

ಹುಡುಗಿ ಓದಿದಳು, ಮೈಸೂರಿನಲ್ಲಿ ಕೆಲಸಕ್ಕೆ ಸೇರಿದಳು. 2017ರಲ್ಲಿ ಅಲ್ಲಿ ಟ್ರಿನ್ ಟ್ರಿನ್ ಎಂದು 450 ಸೈಕಲ್ಲುಗಳನ್ನು ಬೀದಿ ಬೀದಿಯಲ್ಲಿ ನಿಲ್ಲಿಸಿ, ಕಾರ್ಡು ತೋರಿಸಿದವರಿಗೆ ಕೊಡತೊಡಗಿದರು. ಮೊದಲ ವಾರವೇ ಕಾರ್ಡು ಮಾಡಿಸಿದಳು. ಈಗ ಬೆಂಗಳೂರಿನಲ್ಲಿದ್ದಾಳೆ. ನನ್ನ ಮೂರು ತಿಂಗಳ ಪಿಂಚಣಿಯಷ್ಟು ಬೆಲೆಯ ಗೇರ್ ಸೈಕಲ್ ಇಟ್ಟುಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಹೋಗುತ್ತಾಳೆ. ಆರೋಗ್ಯಕ್ಕೆ ಒಳ್ಳೆಯದು ದೊಡ್ಡಪ್ಪ, ಎನ್ನುತ್ತಾಳೆ. ನಾನು ಎರಡನೇ ಟೀ ಕುಡಿಸಲು ಹೋಗಲಿಲ್ಲ, ಅವಳು ಟೀ ಬಿಟ್ಟಿದ್ದಾಳೆ.

ಕಳೆದ ದೊಡ್ಡ ಜಾತ್ರೆಗೆ ಊರಿಗೆ ಬಂದಿದ್ದಳು. ನಂಜನಗೂಡಿನ ಐದು ತೇರೂ ಎಳೆದದ್ದಾಯಿತು, ಊಟವಾಯಿತು. ಹಿತ್ತಿಲಿಗೆ ಹೋದವಳು ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಆ ಸರ್ಕಾರದ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಡ್ಡಿಗಳಿಗೆ ಸಿಕ್ಕಿದ್ದ ಹುಲ್ಲು ಬಿಡಿಸುತ್ತಿದ್ದಳು. ಬುಟ್ಟಿ ಹೋಗಿತ್ತು, ಒಂದು ಪೆಡಲ್ ಇದ್ದ ಕಡೆ ಬರೀ ಕಬ್ಬಿಣದ ಕಡ್ಡಿ, ಸೀಟಿಗೆ ಗೋಣಿಚೀಲ. ಕಾರಿನ ಮೇಲೆ ಕಟ್ಟಿಕೊಂಡು ಬೆಂಗಳೂರಿಗೆ ಒಯ್ಯುತ್ತೇನೆ, ರಿಪೇರಿ ಮಾಡಿಸುತ್ತೇನೆ ಎಂದಳು. ಅವಳ ಅಪ್ಪ, 'ಇದಕ್ಕಿಂತ ಒಳ್ಳೇದು ಅದಲ್ಲವ್ವ ನಿನ್ನತ್ರ' ಎಂದು ಆಶ್ಚರ್ಯಪಟ್ಟ. ಅವಳು ಉತ್ತರ ಕೊಡಲಿಲ್ಲ.

ಎಪ್ಪತ್ತೈದು ದಾಟಿದ ಚಿಕ್ಕಪ್ಪ ಜಗುಲಿಯಿಂದ ಎದ್ದು ಬಂದು ಹ್ಯಾಂಡಲ್ ಹಿಡಿದುಕೊಂಡರು. ಕುಡುಗೋಲು ಆಗಲೇ ಕ್ಯಾರಿಯರಿನಲ್ಲಿತ್ತು.

'ತಾತ, ಇದು ಸರ್ಕಾರ ನನಗೆ ಕೊಟ್ಟಿದ್ದು.'

'ಹೂಂ ಕನವ್ವ, ನಿನಗೇ ಕೊಟ್ಟಿದ್ದು, ಇಲ್ಲ ಅಂದೋರ್ಯಾರು?' ಎಂದು ಚಿಕ್ಕಪ್ಪ ಕಾಲೆತ್ತಿ ಹತ್ತಿದರು. 'ಎಮ್ಮೆಗೆ ಗೊತ್ತಿಲ್ವಲ್ಲ.'